ಗೋಡೆಯ ಬುಡದಲ್ಲಿ ಹುಟ್ಟಿದ ಮಾತು

ಹಗಲು ರಾತ್ರಿಯೆನ್ನದೆ ನಲವತ್ತು ಹಂದಿಗಳನ್ನು ಕಳಿಸಬೇಕು, ಚೆನ್ನಾಗಿ ಕೊಬ್ಬಿರಬೇಕು, ತಿನ್ನಲು ಅಷ್ಟೇನೂ ರುಚಿಯಿಲ್ಲದವಾದರೂ ಸರಿ. 1215ರ ನವೆಂಬರ್ 25ರಂದು ಇಂಗ್ಲೆಂಡಿನ ದೊರೆ ಜಾನ್ ಹೊರಡಿಸಿದ ಆಜ್ಞೆಯಿದು. ಆ ಕೊಬ್ಬು ಬೇಕಾಗಿದ್ದದ್ದು ರಾಚೆಸ್ಟರ್ ಕೋಟೆಗೋಪುರದ ಅಡಿಯಲ್ಲಿ ಬೆಂಕಿ ಹೊತ್ತಿಸಲು.

ಬಂಡೆದ್ದ ಸರದಾರರು ಒಳಗಿದ್ದರು. ಗೋಪುರದ ಗೋಡೆ ಸುಮಾರು ಹನ್ನೆರಡು ಅಡಿ ದಪ್ಪ. ಕಲ್ಲೆಸೆಯುವ ಯಂತ್ರಗಳಿಗೆ ಅದು ಜಗ್ಗಲಿಲ್ಲ. ಕ್ಯಾಂಟರ್‌ಬರಿಯಲ್ಲಿ ಪಿಕಾಸಿಗಳು ತಯಾರಾದವು. ಅಗೆಯುವವರು ಆಗ್ನೇಯ ಮೂಲೆಯ ಅಡಿಗೆ ನುಗ್ಗಿದರು. ತೋಡಿದಷ್ಟೂ ಮೇಲಿನ ಗೋಡೆ ತಮ್ಮ ತಲೆಯ ಮೇಲೆ ಬೀಳದಂತೆ ಮರದ ಊರೆ ಕೊಟ್ಟರು. ಕೊನೆಗೆ ಆ ಊರೆಗಳಿಗೇ ಬೆಂಕಿ. ಕೊಬ್ಬು ಉರಿಯಿತು, ಮರ ಸುಟ್ಟಿತು, ಮೂಲೆ ತನ್ನದೇ ಭಾರಕ್ಕೆ ಕುಸಿಯಿತು.

ಇಂಗ್ಲಿಷಿನವರು ದಿನವೂ ಆಡುವ ‘ಅಂಡರ್‌ಮೈನ್’ ಎಂಬ ಕ್ರಿಯಾಪದದೊಳಗೆ ಇರುವುದು ಇದೇ ಕಸುಬು: ಕೆಳಗೆ ಸುರಂಗ ತೋಡುವುದು. ಪತ್ರಿಕೆಗಳ ಅನುವಾದದಲ್ಲಿ ಅದು ಸಾಮಾನ್ಯವಾಗಿ ‘ದುರ್ಬಲಗೊಳಿಸು’ ಆಗುತ್ತದೆ. ಅರ್ಥ ಬಂತು, ಸುರಂಗ ಹೋಯಿತು. ‘ಬುಡಕ್ಕೆ ಕೊಡಲಿ ಹಾಕು’ ಎಂದರೂ ಪೂರ್ತಿ ಕೂಡಿಬರುವುದಿಲ್ಲ. ಕೊಡಲಿ ಏಟು ಊರಿಗೆಲ್ಲ ಕೇಳುತ್ತದೆ. ಸಭೆಯಲ್ಲಿ ಎದ್ದುನಿಂತು ಮುಖ್ಯಸ್ಥರನ್ನು ವಿರೋಧಿಸಿದವರಿಗೆ ‘ಅಂಡರ್‌ಮೈನ್’ ಎಂಬ ಮಾತು ಸಲ್ಲದು. ಅಲ್ಲಿ ಹೂಂಗುಟ್ಟಿ, ಹೊರಗೆ ಬಂದು ‘ಅವರ ಮಾತಿಗೆ ಏನು ಬೆಲೆ’ ಎಂದು ಒಬ್ಬೊಬ್ಬರ ಕಿವಿಯಲ್ಲೂ ಹೇಳುವವರಿಗೆ ಸಲ್ಲುತ್ತದೆ. ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ‘ಒಳಗಿಂದೊಳಗೇ ಬುಡ ಕೊರೆಯುವುದು’. ಗೆದ್ದಲು ಹಿಡಿದ ತೊಲೆಯನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಕೋಟೆಯಡಿ ಸುರಂಗ ತೋಡುವುದು ಸದ್ದಿಲ್ಲದ ಕೆಲಸವಾದ್ದರಿಂದ ಕಿವಿಗೊಡುವುದೇ ಅದಕ್ಕೆ ಮದ್ದಾಗಿತ್ತು. ಲಿಬಿಯಾದ ಬಾರ್ಕಾ ಪಟ್ಟಣವನ್ನು ಪರ್ಷಿಯನ್ನರು ಮುತ್ತಿದಾಗ ಒಬ್ಬ ಕಮ್ಮಾರ ಕಂಚಿನ ಗುರಾಣಿ ಹಿಡಿದು ಕೋಟೆಯೊಳಗೆ ಸುತ್ತು ಹಾಕಿದ ಕಥೆಯನ್ನು ಹೆರೊಡೋಟಸ್ ಬರೆದಿದ್ದಾನೆ. ಹೆಜ್ಜೆಹೆಜ್ಜೆಗೂ ಗುರಾಣಿಯನ್ನು ನೆಲಕ್ಕೆ ತಾಗಿಸಿದ. ಬೇರೆಡೆ ಮೌನ; ಕೆಳಗೆ ಅಗೆಯುತ್ತಿದ್ದ ಕಡೆ ಕಂಚು ದನಿಗೊಟ್ಟಿತು. ಊರವರು ಅಲ್ಲಿಯೇ ಎದುರು ಸುರಂಗ ತೋಡಿ ಅಗೆಯುತ್ತಿದ್ದವರನ್ನು ಕೊಂದರು. ಹೆಸರು ಉಳಿಯದ ಆ ಕಮ್ಮಾರನ ಕಿವಿ ದೊಡ್ಡದು.

ಸಿಡಿಮದ್ದು ಬಂದ ಮೇಲೆ ಊರೆ ಸುಡುವ ಕಷ್ಟ ತಪ್ಪಿತು. ಸುರಂಗದಲ್ಲಿ ತುಂಬಿದ ಮದ್ದಿನಿಂದಲೇ ‘ಮೈನ್’ ಎಂಬ ಪದ ಇಂದಿನ ನೆಲಬಾಂಬಿನವರೆಗೂ ನಡೆದುಬಂದಿದೆ. ಇದೇ ಕಸುಬಿನ ಇನ್ನೊಂದು ಪದ ಬೆಂಗಳೂರಿನಲ್ಲೂ ನೆಲೆಸಿದೆ. ಹಲಸೂರು ಕೆರೆಯ ಬಳಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ದಳದ ಮೂಲ 1780ರಲ್ಲಿ ಮದರಾಸಿನಲ್ಲಿ ಕಟ್ಟಿದ ತುಕಡಿಗಳು. ‘ಸ್ಯಾಪರ್’ ಪದದ ಬೇರು ಗುದ್ದಲಿ ಎಂಬರ್ಥದ ಇಟಾಲಿಯನ್ ಮಾತು. ಕೋಟೆಯ ಕಡೆಗೆ ಕಂದಕ ತೋಡುತ್ತ ಸಾಗುವವರಿಗೆ ಇಟ್ಟ ಹೆಸರನ್ನು ಈಗ ಸೇತುವೆ ಕಟ್ಟುವ, ಹೂತ ಬಾಂಬುಗಳನ್ನು ತೆಗೆಯುವ ಸೈನಿಕರು ಹೊತ್ತಿದ್ದಾರೆ.

ರಾಚೆಸ್ಟರಿನಲ್ಲಿ ಮೂಲೆ ಬಿದ್ದ ಮೇಲೂ ಒಳಗಿನವರು ಸೋಲೊಪ್ಪಲಿಲ್ಲ. ಗೋಪುರದ ನಡುಗೋಡೆಯ ಹಿಂದೆ ಸರಿದು ಕಾದರು. ನವೆಂಬರ್ 30ರಂದು ಅವರನ್ನು ಹೊರತಂದದ್ದು ಹಸಿವು. ಬಿದ್ದ ಭಾಗವನ್ನು ಮುಂದೆ ಮತ್ತೆ ಕಟ್ಟಲಾಯಿತು. ಇಂದು ಮೆಡ್ವೇ ನದಿಯ ದಂಡೆಯಲ್ಲಿ ನಿಂತಿರುವ ಆ ಗೋಪುರದ ಮೂರು ಮೂಲೆಗಳು ಚೌಕ, ಆಗ್ನೇಯದ್ದು ಮಾತ್ರ ದುಂಡು.