ಆಟದಲ್ಲಿ ದಣಿವಿನ ಗಣನೆ

ದ್ಯೂತಕ್ಕೆ ಕಟ್ಟುಪಾಡು ವಿಧಿಸಿದ ಅರಸರು ಹಿಂದೆಯೂ ಇದ್ದರು. ಆಡುವವನ ದಣಿವನ್ನು ಆಟವೇ ಎಣಿಸುವ ಏರ್ಪಾಡು ಮಾತ್ರ ಇತ್ತೀಚಿನದು. ಅಂತರಜಾಲದಲ್ಲಿ ಸಹಸ್ರಾರು ಜನರು ಏಕಕಾಲದಲ್ಲಿ ಆಡುವ ಆಟಗಳಿಗೆ ಮುಕ್ತಾಯವೆಂಬುದಿಲ್ಲ. ಚದುರಂಗದಲ್ಲಿ ರಾಜನು ಸೆರೆಯಾದೊಡನೆ ಮಣೆಯನ್ನು ಎತ್ತಿಡಬಹುದು. ಇಲ್ಲಿಯಾದರೋ ಶತ್ರುವನ್ನು ಕೊಂದಷ್ಟೂ ಅನುಭವದ ಅಂಕಗಳು ಕೂಡುತ್ತ ಹೋಗುವುವು, ಹೆಚ್ಚು ಹೊತ್ತು ಕುಳಿತವನಿಗೆ ಹೆಚ್ಚು ಫಲ ದೊರೆಯುವುದು. ಆದುದರಿಂದ ಕಡಿವಾಣವನ್ನು ಫಲಕ್ಕೇ ತೊಡಿಸಬೇಕಾಯಿತು.

2004ರಲ್ಲಿ ಅಮೆರಿಕದ ಬ್ಲಿಝಾರ್ಡ್ ಸಂಸ್ಥೆಯವರು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟವನ್ನು ಪ್ರಕಟಿಸುವುದಕ್ಕೆ ಮೊದಲು ಪರೀಕ್ಷಾರ್ಥವಾಗಿ ಆಡಿಸುತ್ತಿದ್ದಾಗ, ಬಹಳ ಹೊತ್ತು ಆಡಿದವನ ಅಂಕಗಳು ಅರ್ಧಕ್ಕಿಳಿಯುವಂತೆ ನಿಯಮಿಸಿದ್ದರು. ಆಟಗಾರರು ಇದನ್ನು ದಂಡವೆಂದೇ ಬಗೆದು ಅಸಮಾಧಾನಗೊಂಡರು. ಆಗ ಸಂಸ್ಥೆಯವರು ಲೆಕ್ಕವನ್ನು ಬದಲಿಸಲಿಲ್ಲ, ಹೆಸರನ್ನು ಬದಲಿಸಿದರು. ಅರ್ಧವೆನಿಸಿದ್ದುದು ಸಹಜ ಫಲವಾಯಿತು. ಪೂರ್ಣವೆನಿಸಿದ್ದುದು ವಿಶ್ರಾಂತನಾಗಿ ಬಂದವನಿಗೆ ಸಲ್ಲುವ ಇಮ್ಮಡಿ ಫಲವಾಯಿತು. ಪಾತ್ರವನ್ನು ಆಟದೊಳಗಿನ ಛತ್ರದಲ್ಲಿ ಮಲಗಿಸಿ ಹೋದರೆ ಈ ವಿಶ್ರಾಂತಿ ಬೇಗನೆ ಕೂಡುವುದು, ಬಯಲಿನಲ್ಲಿ ಬಿಟ್ಟುಹೋದರೆ ನಿಧಾನವಾಗಿ. ಜನರು ಸಂತುಷ್ಟರಾದರು. ವಿಶ್ರಾಂತಿಯೆಂಬ ಶಬ್ದದಲ್ಲಿಯೂ ಶ್ರಮದ ಧಾತುವೇ ಅಡಗಿರುವುದನ್ನು ಬಲ್ಲವರಿಗೆ ಈ ಚಮತ್ಕಾರವು ಸೋಜಿಗವೆನಿಸದು.

ಚೀನಾ ದೇಶದ ಸರ್ಕಾರವು ಇಂತಹ ನಯವನ್ನು ಬಯಸಲಿಲ್ಲ. ಅಲ್ಲಿಯ ಪ್ರಕಟಣೆಗಳ ಮೇಲ್ವಿಚಾರಣೆಯ ಇಲಾಖೆಯು 2005ರಲ್ಲಿ ರೂಪಿಸಿ, 2007ರ ಜುಲೈ 16ರಿಂದ ಕಡ್ಡಾಯಗೊಳಿಸಿದ ವಿಧಿಯಂತೆ, ಮೊದಲ 3 ಗಂಟೆಗಳು ಆರೋಗ್ಯಕರ ಕಾಲ. ಅಲ್ಲಿಂದ 5 ಗಂಟೆಗಳವರೆಗೆ ದಣಿವಿನ ಕಾಲ, ಆಗ ಫಲವು ಅರ್ಧ. ಅದನ್ನು ಮೀರಿದರೆ ಅನಾರೋಗ್ಯಕರ ಕಾಲ, ಫಲವು ಶೂನ್ಯ. ಆಟದಿಂದ ಒಟ್ಟು 5 ಗಂಟೆಗಳ ಕಾಲ ಹೊರಗಿದ್ದರೆ ಗಣನೆಯು ಮತ್ತೆ ಮೊದಲಿನಿಂದ ತೊಡಗುವುದು. ಬಾಗಿಲನ್ನು ಮುಚ್ಚದೆ ಕಣಜವನ್ನು ಬರಿದುಮಾಡುವ ಈ ಉಪಾಯದಲ್ಲಿ ವಿವೇಕವಿದ್ದಿತು. ಏಳಬೇಕೆಂಬ ನಿರ್ಧಾರವನ್ನು ಅದು ಬಾಲಕನಿಗೇ ಬಿಟ್ಟಿದ್ದಿತು. ಆದರೆ ಗುರುತುಚೀಟಿಯ ಸಂಖ್ಯೆಯಿಂದ ಪ್ರಾಯಸ್ಥರೆಂದು ಸಿದ್ಧವಾದವರಿಗೆ ಈ ವಿಧಿಯು ಅನ್ವಯಿಸುತ್ತಿರಲಿಲ್ಲ. ತಂದೆಯ ಅಥವಾ ಅಜ್ಜಿಯ ಸಂಖ್ಯೆಯನ್ನು ಬರೆದ ಹುಡುಗನಿಗೆ ದಣಿವೆಂಬುದೇ ಇರಲಿಲ್ಲ.

ಈ ಬಿರುಕನ್ನು ಮುಚ್ಚಲು ಹೊರಟ ಸರ್ಕಾರವು ದಣಿವಿನ ಗಣನೆಯನ್ನು ಬಿಟ್ಟು ಗಡಿಯಾರವನ್ನು ಹಿಡಿಯಿತು. 2019ರ ನವೆಂಬರಿನಲ್ಲಿ ಹೊರಟ ಆಜ್ಞೆಯು ಅಪ್ರಾಪ್ತವಯಸ್ಕರಿಗೆ ರಾತ್ರಿ 10ರಿಂದ ಬೆಳಗಿನ 8ರವರೆಗೆ ಆಟವನ್ನು ನಿಷೇಧಿಸಿ, ಸಾಮಾನ್ಯ ದಿನಗಳಲ್ಲಿ ಒಂದೂವರೆ ಗಂಟೆಯನ್ನೂ ರಜಾದಿನಗಳಲ್ಲಿ 3 ಗಂಟೆಗಳನ್ನೂ ಗೊತ್ತುಮಾಡಿತು. 2021ರ ಸೆಪ್ಟೆಂಬರ್ 1ರಿಂದ ಅದೂ ಕುಗ್ಗಿ, ಶುಕ್ರ, ಶನಿ, ಭಾನುವಾರಗಳಲ್ಲಿಯೂ ಸರ್ಕಾರಿ ರಜಾದಿನಗಳಲ್ಲಿಯೂ ರಾತ್ರಿ 8ರಿಂದ 9ರವರೆಗಿನ ಒಂದೇ ಗಂಟೆ ಉಳಿಯಿತು. ಅದಕ್ಕೆ ಎರಡು ತಿಂಗಳು ಮೊದಲೇ, ಜುಲೈಯಲ್ಲಿ, ಟೆನ್ಸೆಂಟ್ ಸಂಸ್ಥೆಯವರು ಇರುಳಿನಲ್ಲಿ ಹಿರಿಯರ ಹೆಸರಿನಿಂದ ಬಹುಹೊತ್ತು ಆಡುವವರ ಮುಖವನ್ನು ಯಂತ್ರದ ಕಣ್ಣಿನಿಂದ ನೋಡಿ, ಹೆಸರಿಗೂ ಮುಖಕ್ಕೂ ಹೊಂದಿಕೆಯಿಲ್ಲದಿದ್ದರೆ ಆಟದಿಂದ ಹೊರಡಿಸುವ ಕಾವಲನ್ನು ಏರ್ಪಡಿಸಿದ್ದರು.