ಅವತಾರ

ಸಂಸ್ಕೃತದ ‘ತೄ’ (ದಾಟು) ಧಾತುವಿಗೆ ‘ಅವ’ (ಕೆಳಕ್ಕೆ) ಸೇರಿ ಆದ ಪದ ಇದು. ಇಳಿದು ಬರುವುದು ಎಂದರ್ಥ. ಮೊದಲು ಇಳಿದದ್ದು ದೇವರು. ನಮ್ಮ ಮನೆಮಾತಿನಲ್ಲಿ ಪದವೂ ಇಳಿಯಿತು: ತಲೆ ಕೆದರಿಕೊಂಡು ಬಂದ ಮಗನಿಗೆ ‘ಏನೋ ಇದು ನಿನ್ನ ಅವತಾರ!’ ಎಂದು ಅಮ್ಮ ಗದರುತ್ತಾಳೆ.

1980ರ ದಶಕದಲ್ಲಿ ಅದು ಕಂಪ್ಯೂಟರ್ ಪರದೆಗೂ ಇಳಿಯಿತು. ಲ್ಯೂಕಾಸ್‌ಫಿಲ್ಮ್ ರೂಪಿಸಿದ ‘ಹ್ಯಾಬಿಟ್ಯಾಟ್’ ಆಟದಲ್ಲಿ ಆಟಗಾರನ ಬದಲಿಗೆ ಓಡಾಡುವ ಗೊಂಬೆಯ ಹೆಸರು ‘ಅವತಾರ್’. 1992ರಲ್ಲಿ ನೀಲ್ ಸ್ಟೀಫನ್‌ಸನ್ ಅವರ ಕಾದಂಬರಿ ‘ಸ್ನೋ ಕ್ರ್ಯಾಶ್’ ಅದನ್ನು ಎಲ್ಲೆಡೆ ಹರಡಿತು. ಈಗ ನಾವು ಕೊನೆಯ ಸ್ವರ ಕಳೆದುಕೊಂಡ ‘ಅವತಾರ್’ ಅನ್ನು ಆಮದು ಮಾಡಿಕೊಳ್ಳುತ್ತಿದ್ದೇವೆ. ನನಗಂತೂ ‘ಅವತಾರ’ವೇ ಸಾಕು.

ಕುತೂಹಲದ ಸಂಗತಿ ಮನಶ್ಶಾಸ್ತ್ರದ್ದು. ನಿಕ್ ಯೀ ಮತ್ತು ಜೆರೆಮಿ ಬೈಲೆನ್‌ಸನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎತ್ತರದ ಅವತಾರ ಸಿಕ್ಕವರು ಹಣ ಹಂಚಿಕೆಯ ಚೌಕಾಸಿಯಲ್ಲಿ ಜಬರದಸ್ತು ತೋರಿದರು. ಕುಳ್ಳ ಅವತಾರದವರು ಅನ್ಯಾಯದ ಪಾಲನ್ನೂ ಹೆಚ್ಚಾಗಿ ಒಪ್ಪಿಕೊಂಡರು. ವೇಷ ಕಳಚಿ ಎದುರುಬದುರು ಕೂತಾಗಲೂ ಆ ಗತ್ತು ಸ್ವಲ್ಪ ಉಳಿದಿತ್ತೆಂದು ಮುಂದಿನ ಪ್ರಯೋಗವೊಂದು ಕಂಡುಕೊಂಡಿತು. ರೂಪ ಬದಲಿಸುತ್ತಿದ್ದ ಗ್ರೀಕ್ ದೇವತೆಯ ನೆನಪಿಗೆ ಇದನ್ನು ‘ಪ್ರೋಟಿಯಸ್ ಪರಿಣಾಮ’ ಎನ್ನುತ್ತಾರೆ. ಪದ ನಮ್ಮದು, ಪರಿಣಾಮದ ಹೆಸರು ಗ್ರೀಕರದು!