ಮಧ್ಯದಲ್ಲಿ ಆಡುವವನ ಚರಿತ್ರೆ

ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ನಾವು ನಾಲ್ವರು ಈಗ ನಾಲ್ಕು ತಾಲೂಕುಗಳಲ್ಲಿ ಹಂಚಿಹೋಗಿದ್ದೇವೆ. ಒಬ್ಬ ಹಾನಗಲ್ಲಿನವ, ಮಾವಿನ ತೋಟದ ಒಡೆಯ. ಒಬ್ಬ ಹಿರೇಕೆರೂರಿನವ, ಮನೆಯಲ್ಲಿ ಹೋರಿ ಸಾಕಿದ್ದಾನೆ. ಮತ್ತೊಬ್ಬ ಸವಣೂರಿನವ, ಅವನದು ವೀಳ್ಯದೆಲೆ ತೋಟ. ನಾನು ಶಿಗ್ಗಾಂವಿಯಲ್ಲಿ ಇತಿಹಾಸದ ಮೇಷ್ಟ್ರು. ಹೆದ್ದಾರಿ ನಮ್ಮೂರಿನ ಮೇಲೆ ಹಾಯ್ದು ಹೋಗುವುದರಿಂದ ಎಲ್ಲರೂ ಕೂಡುವುದು ನಮ್ಮ ಮನೆಯಲ್ಲೇ. ಗಿರಮಿಟ್ಟು, ಮಿರ್ಚಿ, ಚಹಾ ಮತ್ತು ಟಿವಿಯಲ್ಲಿ ಬೆಂಗಳೂರು ಎಫ್‌ಸಿ ತಂಡದ ಫುಟ್‌ಬಾಲ್ ಇದ್ದರೆ ನಮಗೆ ಸಾಕು.

2024ರ ಸೆಪ್ಟೆಂಬರ್ 14ರ ಸಂಜೆಯೂ ಹಾಗೆಯೇ ಕೂತಿದ್ದೆವು. ಕಂಠೀರವ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ಎದುರಾಳಿ. 25ನೇ ನಿಮಿಷದಲ್ಲಿ ವಿನಿತ್ ವೆಂಕಟೇಶ್ ಎಂಬ 19ರ ಹುಡುಗ ಗೋಲು ಹೊಡೆದ. ಬೆಂಗಳೂರಿನವನೇ, ಇಂಡಿಯನ್ ಸೂಪರ್ ಲೀಗಿನಲ್ಲಿ ಅವನಿಗದು ಮೊದಲ ಪಂದ್ಯ. ಪಂದ್ಯ ಮುಗಿದಿದ್ದೂ ಆ ಒಂದೇ ಗೋಲಿನಿಂದ. ನಮ್ಮ ಮನೆಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ಏನಾಯ್ತೆಂದು ಕೇಳಿದರು. ನಮ್ಮ ಭಾಷೆ ಆಡುವ ಹುಡುಗ ಗೆಲ್ಲಿಸಿದ ಎಂಬ ಹೆಮ್ಮೆ ನಮಗೆ.

ಚಳಿಗಾಲ ಬರುವಷ್ಟರಲ್ಲಿ ಅದೇ ಹುಡುಗನ ಮೇಲೆ ವಾದ ಶುರುವಾಯಿತು. ಒಂದು ಪಂದ್ಯದಲ್ಲಿ ಆಡುತ್ತಾನೆ, ಮತ್ತೊಂದರಲ್ಲಿ ಬೆಂಚಿನಲ್ಲಿ ಕೂರುತ್ತಾನೆ. ಒಂದು ದಿನ ಅವನ ಕಾಲಿಗೆ ಚೆಂಡು ಅಂಟಿಕೊಂಡಂತಿರುತ್ತದೆ, ಇನ್ನೊಂದು ದಿನ ಅವನು ಮೈದಾನದಲ್ಲಿದ್ದದ್ದೇ ನಮಗೆ ಗೊತ್ತಾಗುವುದಿಲ್ಲ. ಹಿರೇಕೆರೂರಿನವ ಕಡ್ಡಿ ಮುರಿದಂತೆ ಹೇಳಿದ: "ಒಂದು ದಿನ ಬಂಗಾರ, ನಾಕು ದಿನ ತಗಡು. ಹೋರಿ ಆದ್ರೂ ಅಷ್ಟ, ಮೊದಲ ವರ್ಷ ಅಖಾಡದಾಗ ಓಡಿದ್ದು ಮುಂದಿನ ವರ್ಷ ಓಡಲಿಲ್ಲ ಅಂದ್ರ ಮಂದಿ ಹೆಸರು ಮರೀತಾರ."

ನಮ್ಮ ಕಡೆಯ ಹೋರಿ ಹಬ್ಬ ನೋಡಿದವರಿಗೆ ಈ ಮಾತಿನ ಭಾರ ಗೊತ್ತು. ದೀಪಾವಳಿಯ ಬಲಿಪಾಡ್ಯಮಿಯಿಂದ ಶುರುವಾಗಿ ಊರೂರಿನ ಅಖಾಡಗಳಲ್ಲಿ ಕೊಬ್ಬರಿ ಹಾರ ಕಟ್ಟಿಕೊಂಡ ಹೋರಿಗಳು ಓಡುತ್ತವೆ. ಹಿಡಿಯುವವರ ಕೈಗೆ ಕೊಬ್ಬರಿ ಸಿಗದಂತೆ ಪಾರಾದ ಹೋರಿಗೆ ಹೆಸರು, ಅಭಿಮಾನಿಗಳು, ಬ್ಯಾನರು ಎಲ್ಲವೂ ಇರುತ್ತವೆ. ಯಾವ ಹೋರಿಯ ಫಾರ್ಮ್ ಹೇಗಿದೆ ಎಂಬ ಚರ್ಚೆ ಕ್ಷೌರದಂಗಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ ನಡೆಯುತ್ತದೆ. ಫುಟ್‌ಬಾಲ್ ನೋಡುವಾಗಲೂ ನಾವು ಆ ಕಣ್ಣಿನಿಂದಲೇ ನೋಡುತ್ತಿದ್ದೆವು.

ಹಾನಗಲ್ಲಿನವ ಒಪ್ಪಲಿಲ್ಲ. "ಕಸಿ ಮಾವು ನಟ್ಟ ಮೊದಲ ಮೂರು ವರ್ಷ ಬಂದ ಹೂವು ನಾವ ಚಿವುಟಿ ಒಗೀತೀವಿ. ಕಾಯಿ ಬಿಡಾಕ ಬಿಟ್ರ ಗಿಡ ಬೆಳೆಯೂದಿಲ್ಲ. ಈ ಹುಡುಗಗ ಮೊದಲ ದಿನಾನ ಕಾಯಿ ಬಿಟ್ಟೈತಿ, ಅದ ತ್ರಾಸು."

ಸವಣೂರಿನವ ಮಾತ್ರ ಸುಮ್ಮನೆ ಚಹಾ ಕುಡಿಯುತ್ತಿದ್ದ. ಎಲ್ಲರೂ ಎದ್ದಮೇಲೆ ನನ್ನೊಬ್ಬನನ್ನು ಕೇಳಿದ: "ಮಾಸ್ತರ, ಹುಡುಗಗ ಎಷ್ಟು ದಿನ ಕೊಡಬೇಕು?" ಅವನು ಕೇಳಿದ್ದು ವಿನಿತ್ ಬಗ್ಗೆ ಅಲ್ಲವೆಂದು ನನಗೆ ತಕ್ಷಣ ತಿಳಿಯಿತು. ಅವನ ಮಗನಿಗೆ 17. ಎರಡು ವರ್ಷದಿಂದ ಬೆಂಗಳೂರಿನ ಒಂದು ತರಬೇತಿ ಕೇಂದ್ರದಲ್ಲಿದ್ದಾನೆ, ಆಡುವುದು ಮಧ್ಯದಲ್ಲಿ. ಮೊದಲ ವರ್ಷ ಎಲ್ಲರೂ ಹೊಗಳಿದರು. ಈಗ ಅರ್ಧ ಪಂದ್ಯಗಳಲ್ಲಿ ಹೊರಗೆ ಕೂರುತ್ತಾನೆ. ತಿಂಗಳ ಖರ್ಚಿಗೆ ತೋಟದ ಆದಾಯ ಸಾಲುತ್ತಿಲ್ಲ. ಮಗನನ್ನು ಊರಿಗೆ ಕರೆತಂದು ಪಿಯುಸಿ ಮುಗಿಸಲು ಹೇಳಬೇಕೋ, ಬಿಡಬೇಕೋ ಎಂಬುದು ಅವನ ತಲೆನೋವು.

ನಾನು ಕೋಚ್ ಅಲ್ಲ, ಆ ಆಟ ಆಡಿದವನೂ ಅಲ್ಲ. ಹಿಂದಿನದನ್ನು ಹುಡುಕುವುದಷ್ಟೇ ನನಗೆ ಬರುವ ಕೆಲಸ. ಅದನ್ನೇ ಮಾಡಿದೆ.

ಮೊದಲ ಪ್ರಶ್ನೆ: ನಮ್ಮ ನಾಲ್ಕು ತಾಲೂಕಿನ ಹುಡುಗ ಈ ಆಟಕ್ಕಾಗಿ ಬೆಂಗಳೂರಿಗೇ ಯಾಕೆ ಹೋಗಬೇಕು? ಭಾರತದಲ್ಲಿ ಫುಟ್‌ಬಾಲ್ ಬ್ರಿಟಿಷ್ ಸೈನ್ಯದ ಹಿಂದೆ ನಡೆದು ಬಂದ ಆಟ. ದಂಡು ಇದ್ದಲ್ಲಿ ಮೈದಾನ, ಮೈದಾನ ಇದ್ದಲ್ಲಿ ಕ್ಲಬ್ಬು. ಬೆಂಗಳೂರಿನ ದಂಡುಪ್ರದೇಶದ ಸುತ್ತಲಿನ ಆಸ್ಟಿನ್ ಟೌನ್, ಹಲಸೂರಿನ ಬಳಿಯ ಗೌತಮಪುರದಂಥ ಕಡೆ ಸಿಪಾಯಿಗಳ ಆಟವನ್ನು ಬೇಲಿಯಾಚೆ ನಿಂತು ನೋಡಿದ ಮಕ್ಕಳು ಮುಂದೆ ತಾವೇ ಆಡಿದರು. ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ಇದೆ. ನಮ್ಮ ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಒಕ್ಕಲುತನದ ಊರುಗಳು, ಸವಣೂರು ನವಾಬರ ಪುಟ್ಟ ಸಂಸ್ಥಾನ. ಇಲ್ಲಿ ದಂಡು ಬೀಡುಬಿಡಲಿಲ್ಲ. ಗರಡಿಮನೆ ಬೆಳೆಯಿತು, ಹೋರಿ ಬೆಳೆಯಿತು, ಆಮೇಲೆ ಕಬಡ್ಡಿ ಬಂತು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಯಿತು, ಆದರೆ ಚೆಂಡು ಒದೆಯುವ ಹುಡುಗನಿಗೆ ಹತ್ತಲು ಮೆಟ್ಟಿಲು ಬರಲಿಲ್ಲ. ಬೆಂಗಳೂರಿನಲ್ಲಿ ಒಂದು ಕ್ಲಬ್ಬಿನಲ್ಲಿ ಎಡವಿದವನು ಕೆಳಗಿನ ಡಿವಿಜನ್ನಿನ ಇನ್ನೊಂದರಲ್ಲಿ ಆಡಿ ಮತ್ತೆ ಮೇಲೆ ಬರಬಹುದು. ನಮ್ಮ ಹುಡುಗ ಎಡವಿದರೆ ನೇರ ಸವಣೂರಿನ ಬಸ್ ಹತ್ತಬೇಕು.

ಎರಡನೆಯ ಪ್ರಶ್ನೆ ಗೆಳೆಯ ಕೇಳಿದ್ದು: ಎಷ್ಟು ದಿನ?

ಬೆಂಗಳೂರಿನ ಹಳೆಯ ಆಟಗಾರರ ಹಾದಿಯನ್ನು ನೋಡುತ್ತ ಹೋದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಗೋರಾ ಪಲ್ಟಣಗಳ ಸೊತ್ತಾಗಿದ್ದ ಆ ಕಪ್ಪನ್ನು ಭಾರತೀಯರ ನಾಗರಿಕ ತಂಡವೊಂದು ಗೆದ್ದದ್ದು ಅದೇ ಮೊದಲು. ಮರುವರ್ಷವೂ ಅವರೇ ಗೆದ್ದರು. ಆ ಕಾಲದ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದ ಹುಡುಗ ಅಹ್ಮದ್ ಖಾನ್. ಆಡುತ್ತಿದ್ದದ್ದು ಇನ್‌ಸೈಡ್ ಲೆಫ್ಟ್ ಎಂಬ ಜಾಗದಲ್ಲಿ. ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ನಡುವೆ ಚೆಂಡನ್ನು ಹೊಲಿಯುವ ಕೆಲಸ ಅದು, ಇಂದಿನ ಅಟ್ಯಾಕಿಂಗ್ ಮಿಡ್‌ಫೀಲ್ಡರಿನ ಅಜ್ಜನಿದ್ದ ಹಾಗೆ. 1948ರ ಲಂಡನ್ ಒಲಿಂಪಿಕ್ಸಿಗೆ ಹೋದರು. ಅಲ್ಲಿ ಫ್ರಾನ್ಸ್ ವಿರುದ್ಧ ಬಹುಪಾಲು ಬರಿಗಾಲಲ್ಲಿ ಆಡಿದ ನಮ್ಮವರು ಎರಡು ಪೆನಾಲ್ಟಿ ಕಳೆದುಕೊಂಡು 2–1ರಿಂದ ಸೋತರು. ನಮ್ಮ ಒಂದು ಗೋಲು ಹೊಡೆದವರೂ ಬೆಂಗಳೂರಿನ ಎಸ್. ರಾಮನ್. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನರದು.

ಹತ್ತು ಗೋಲು ತಿಂದ ತಂಡದ ಆಟಗಾರನನ್ನು ಇವತ್ತು ನಾವು ನಾಲ್ವರು ನಮ್ಮ ಸೋಫಾದ ಮೇಲೆ ಕೂತು ಏನೆನ್ನುತ್ತಿದ್ದೆವು? ಅಹ್ಮದ್ ಖಾನ್ ಆಮೇಲೂ ವರ್ಷಗಟ್ಟಲೆ ಈಸ್ಟ್ ಬೆಂಗಾಲಿಗೆ ಆಡಿದರು. ಆ ಕ್ಲಬ್ಬಿನ 'ಪಂಚಪಾಂಡವ'ರಲ್ಲಿ ಒಬ್ಬರೆಂದು ಕಲ್ಕತ್ತೆಯ ಮಂದಿ ಅವರನ್ನು ಕೊನೆಯವರೆಗೂ ನೆನೆದರು.

1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಏರಿತು. ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿದ ಪಂದ್ಯದಲ್ಲಿ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಹೆಸರು ಫುಟ್‌ಬಾಲ್ ಬಲ್ಲವರಿಗೆಲ್ಲ ಗೊತ್ತು. ಅದೇ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಎಂಬ ಹಾಫ್‌ಬ್ಯಾಕ್ ಇದ್ದರು. ನನ್ನ ತರಗತಿಯಲ್ಲಿ ಆ ಹೆಸರು ಹೇಳಿದಾಗ ಒಬ್ಬ ವಿದ್ಯಾರ್ಥಿಯೂ ತಲೆ ಎತ್ತಲಿಲ್ಲ. ಎದುರಾಳಿಯ ಚೆಂಡು ಕಿತ್ತು ಮುಂದಿನವನಿಗೆ ದಾಟಿಸುವವನ ಕೆಲಸ ಅಂಕಪಟ್ಟಿಯಲ್ಲಿ ಬರುವುದಿಲ್ಲ.

ಇಲ್ಲಿ ನನಗೆ ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದ ವೀರಗಲ್ಲುಗಳು ನೆನಪಾದವು. ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯುತ್ತೇನೆ. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸನ್ನಿಧಿ. ಊರಿನ ದನ ತುರುಗಳನ್ನು ಕಾಯುತ್ತ ಸತ್ತವನ ಆ ಒಂದು ದಿನವನ್ನು ಕಲ್ಲು ಹಿಡಿದಿಟ್ಟಿದೆ. ಅವನು ಅದಕ್ಕೆ ಮೊದಲು ಎಷ್ಟು ವರ್ಷ ಕತ್ತಿ ಹಿಡಿಯಲು ಕಲಿತ, ಎಷ್ಟು ಸಲ ಸೋತು ಓಡಿಬಂದ, ಇದಕ್ಕೆ ಕಲ್ಲಿನಲ್ಲಿ ಜಾಗವಿಲ್ಲ. ಗೋಲು ಹೊಡೆದವನ ದಾಖಲೆಯೂ ಹೀಗೆಯೇ. ವಿನಿತ್‌ಗೆ ನಾವು 25ನೇ ನಿಮಿಷಕ್ಕೇ ವೀರಗಲ್ಲು ನೆಟ್ಟುಬಿಟ್ಟಿದ್ದೆವು. ಬದುಕಿರುವ, ಇನ್ನೂ ಕಲಿಯುತ್ತಿರುವ ಹುಡುಗನ ಮೇಲೆ ಅಂಥ ಕಲ್ಲು ಹೇರಿ, ಆಮೇಲೆ ಅವನು ವೇಗವಾಗಿ ಓಡುತ್ತಿಲ್ಲವೆಂದು ದೂರಿದೆವು.

ಗೆಳೆಯನ ಪ್ರಶ್ನೆಗೆ ಹತ್ತಿರದ ಉತ್ತರ ಸಿಕ್ಕಿದ್ದು ಕಾರ್ಲ್ಟನ್ ಚಾಪ್ಮನ್ ಅವರ ಹಾದಿಯಲ್ಲಿ. ಬೆಂಗಳೂರಿನವರು, ಹುಟ್ಟಿದ್ದು 1971ರಲ್ಲಿ, ಅಪ್ಪಟ ಮಿಡ್‌ಫೀಲ್ಡರ್. 1990ರಲ್ಲಿ ಜಮ್‌ಶೇಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಈಸ್ಟ್ ಬೆಂಗಾಲಿಗೆ ಬಂದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. 22ರ ಹುಡುಗನಿಗೆ ಅದಕ್ಕಿಂತ ದೊಡ್ಡ ವೀರಗಲ್ಲು ಬೇಕೆ? ಆದರೆ ಅವರ ಆಟದ ತೂಕ ಆ ಮೂರು ಗೋಲಿನಲ್ಲಿರಲಿಲ್ಲ. ಮಧ್ಯದಲ್ಲಿ ನಿಂತು ತಂಡವನ್ನು ನಡೆಸುವುದು ಅವರ ಕಸುಬು. ಪಂಜಾಬಿನ ಜೆಸಿಟಿಗೆ ಹೋಗಿ, ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಅವರ ಹಿಂದೆ ಆಡುತ್ತ 1996–97ರಲ್ಲಿ ಮೊತ್ತಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದರು. ಕೊಚ್ಚಿಯ ತಂಡಕ್ಕೆ ಹೋದರು, ಮರಳಿ ಈಸ್ಟ್ ಬೆಂಗಾಲಿಗೆ ಬಂದರು. 2001ರಲ್ಲಿ ಆ ತಂಡ ರಾಷ್ಟ್ರೀಯ ಲೀಗ್ ಗೆದ್ದಾಗ ಅವರೇ ನಾಯಕ. ಭಾರತ ತಂಡವನ್ನೂ ಮುನ್ನಡೆಸಿದರು.

ಅಕಾಡೆಮಿಯ ಬಾಗಿಲಿನಿಂದ ಆ ಕಪ್ಪಿನವರೆಗೆ 11 ವರ್ಷ, ನಾಲ್ಕು ಊರು. 2020ರ ಅಕ್ಟೋಬರ್ 12ರಂದು, 49ನೇ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ ಬಂದ ಸುದ್ದಿಗಳಲ್ಲಿ ಮತ್ತೆ ಮುಂದೆ ಬಂದದ್ದು 1993ರ ಆ ಹ್ಯಾಟ್ರಿಕ್ಕೇ.

ಮಿಡ್‌ಫೀಲ್ಡರ್ ತಡವಾಗಿ ಹಣ್ಣಾಗಲು ಕಾರಣವೂ ಇದೆ. ಮುಂದಿನ ಸಾಲಿನವನ ಎದುರಿಗೆ ಗೋಲು ಕಾಣುತ್ತಿರುತ್ತದೆ, ಹಿಂದಿನವನ ಎದುರಿಗೆ ಇಡೀ ಆಟ. ನಡುವಿನವನಿಗೆ ಮಾತ್ರ ನಾಲ್ಕೂ ದಿಕ್ಕಿನಿಂದ ಮಂದಿ ಬರುತ್ತಾರೆ. ಚೆಂಡು ಕಾಲಿಗೆ ಬರುವ ಮೊದಲೇ ಬೆನ್ನ ಹಿಂದೆ ಯಾರಿದ್ದಾರೆಂದು ಅವನಿಗೆ ಗೊತ್ತಿರಬೇಕು. ಇದು ಓಡುವ ಶಕ್ತಿಯಿಂದ ಬರುವುದಿಲ್ಲ, ಆಡಿದ ಪಂದ್ಯಗಳಿಂದ ಬರುತ್ತದೆ. ಬೆಂಚಿನಲ್ಲಿ ಕೂತ ಹುಡುಗನಿಗೆ ಅದು ದಕ್ಕುವುದೂ ನಿಧಾನ. ಅವನ ಏರಿಳಿತವನ್ನು ದೂರುವ ನಾವು ಅವನಿಗೆ ಎಷ್ಟು ಪಂದ್ಯ ಸಿಕ್ಕಿತೆಂದು ಎಣಿಸಿರಲಿಲ್ಲ.

ಇಷ್ಟು ಹೇಳಿದ ಮೇಲೂ ಹಿರೇಕೆರೂರಿನವನ ಮಾತನ್ನು ಸುಳ್ಳೆನ್ನಲಾರೆ. ಹೂವು ಚಿವುಟಿದ ಗಿಡಗಳೆಲ್ಲ ಫಲ ಕೊಡುತ್ತವೆಂಬ ಖಾತ್ರಿ ಹಾನಗಲ್ಲಿನ ತೋಟದಲ್ಲೂ ಇಲ್ಲ. ಚಾಪ್ಮನ್ ಹೆಸರು ನಮಗೆ ಸಿಗುವುದು ಅವರು ಗೆದ್ದದ್ದರಿಂದ. ಅದೇ ಅಕಾಡೆಮಿಯ ಅದೇ ಬಾಗಿಲಲ್ಲಿ ಒಳಹೋಗಿ ಸದ್ದಿಲ್ಲದೆ ಮನೆಗೆ ಮರಳಿದವರೂ ಇದ್ದಾರೆ. ಗೆದ್ದವರ ಬದುಕು ಓದಿ ಸೋಲಬಹುದಾದವನಿಗೆ ಧೈರ್ಯ ಹೇಳುವುದು ಇತಿಹಾಸದ ಮೇಷ್ಟ್ರಿಗೆ ಸುಲಭ. ಖರ್ಚು ಕೊಡುವವನು ಸವಣೂರಿನಲ್ಲಿ ವೀಳ್ಯದೆಲೆ ಕಟ್ಟುತ್ತಿದ್ದಾನೆ.

ಆದ್ದರಿಂದ ಗೆಳೆಯನಿಗೆ "ಇಷ್ಟು ವರ್ಷ ಕೊಡು" ಎಂದು ಹೇಳಲಿಲ್ಲ. ಕಂಡದ್ದನ್ನು ಹೇಳಿ ಒಂದೇ ಮಾತು ಸೇರಿಸಿದೆ: "ಅವನ ಒಂದು ಪಂದ್ಯ ನೋಡಿ ಬಾ. ಚೆಂಡು ನೋಡಬ್ಯಾಡ, ಮಗನ್ನ ನೋಡು."

2025ರ ಏಪ್ರಿಲ್ 12ರಂದು ಐಎಸ್‌ಎಲ್ ಫೈನಲ್. ಕೋಲ್ಕತ್ತದಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಅವಧಿಯವರೆಗೆ ಹೋಗಿ ಬೆಂಗಳೂರು 2–1ರಿಂದ ಸೋತಿತು. ನಮ್ಮ ಮನೆಯಲ್ಲಿ ಗಿರಮಿಟ್ಟು ಹಾಗೇ ಉಳಿಯಿತು. ಹಿರೇಕೆರೂರಿನವ ಎಂದಿನಂತೆ ಯಾರ್ಯಾರ ತಪ್ಪೆಂದು ಎಣಿಸತೊಡಗಿದ. ಆಗ ಸವಣೂರಿನವ ಬಾಯಿಬಿಟ್ಟ. ಹಿಂದಿನ ವಾರ ಬೆಂಗಳೂರಿಗೆ ಹೋಗಿ ಬಂದಿದ್ದನಂತೆ. ಮಗ ಆಡಿದ್ದು ಕೊನೆಯ ಅರ್ಧ ತಾಸು, ಗೋಲಿಲ್ಲ. ಎರಡು ಸಲ ಚೆಂಡು ಕಳೆದುಕೊಂಡ.

"ಆದ್ರ ಚೆಂಡು ಬರೂಕಿಂತ ಮೊದಲ ಪ್ರತಿ ಸಲ ಹಿಂದ ಹೊಳ್ಳಿ ನೋಡ್ತಾನ," ಎಂದ. "ಮೊದಲ ನೋಡ್ತಿರಲಿಲ್ಲ."

ಪಿಯುಸಿ ಮುಗಿಯುವವರೆಗೆ ಅಲ್ಲೇ ಬಿಡುವುದೆಂದು ಸದ್ಯಕ್ಕೆ ತೀರ್ಮಾನಿಸಿದ್ದಾನೆ. ಆಮೇಲಿನದು ಆಮೇಲೆ. ಹಿರೇಕೆರೂರಿನವ ಏನೋ ಹೇಳಲು ಹೋದವನು ಸುಮ್ಮನಾಗಿ, ಆರಿದ ಗಿರಮಿಟ್ಟಿನ ತಟ್ಟೆಯನ್ನು ಅವನ ಮುಂದೆ ಸರಿಸಿದ.